ಜುಲೈ ಮಳೆಯಲ್ಲಿ ತಮ್ಮನ ಜೊತೆ ದಿವಾರ್ ದ್ವೀಪ: ಹೋಗಬಹುದೇ, ಮುಂದೂಡಬೇಕೇ?

ಪ್ರಶ್ನೆ: ಕೊಥ್ರೂಡಿನ ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ನನ್ನ ತಮ್ಮ ಧಾರವಾಡದಲ್ಲಿ ಎಂಜಿನಿಯರಿಂಗ್ ಮುಗಿಸಿ ಆಗಸ್ಟ್ ಮೊದಲ ವಾರ ಚೆನ್ನೈಯಲ್ಲಿ ಕೆಲಸಕ್ಕೆ ಸೇರಲಿದ್ದಾನೆ. ಆಮೇಲೆ ಇಬ್ಬರಿಗೂ ಒಟ್ಟಿಗೆ ರಜೆ ಸಿಗುವುದು ದೀಪಾವಳಿಗೋ ಮನೆತನದಲ್ಲಿ ಯಾರದಾದರೂ ಮದುವೆಗೋ ಮಾತ್ರ ಎಂಬುದು ಗೊತ್ತಿರುವುದರಿಂದ, ಜುಲೈ ಕೊನೆಯ ಶುಕ್ರವಾರ ಮತ್ತು ಶನಿವಾರದ ರಾತ್ರಿಗಳನ್ನು ಗೋವಾದ ದಿವಾರ್ ದ್ವೀಪದಲ್ಲಿ ಕಳೆಯೋಣವೆಂದು ಅಲ್ಲಿನ ಹಳೆಯ ಮನೆಯೊಂದರಲ್ಲಿ ಕೋಣೆ ಕಾದಿರಿಸಿದ್ದೇವೆ. ನಾನು ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಬರುತ್ತೇನೆ, ಅವನು ಧಾರವಾಡದಿಂದ ಬರುತ್ತಾನೆ, ಮಡಗಾಂವ್‌ನಲ್ಲಿ ಭೇಟಿಯಾಗುವುದೆಂದು ಮಾತಾಗಿದೆ.

ಈಗ ಹವಾಮಾನ ಇಲಾಖೆಯವರು ಉತ್ತರ ಗೋವಾಕ್ಕೆ ಆ ದಿನಗಳಲ್ಲಿ ಆರೆಂಜ್ ಅಲರ್ಟ್ ಕೊಟ್ಟಿದ್ದಾರೆ. ಅಮ್ಮ ದಿನಕ್ಕೆರಡು ಸಲ ಫೋನ್ ಮಾಡಿ, ಮಳೆಗಾಲದಲ್ಲಿ ತುಂಬಿದ ಹೊಳೆ ದಾಟಿ ಹೋಗಿ ಮಲಗುವಂಥದ್ದು ಏನಿದೆ ಎಂದು ಕೇಳುತ್ತಿದ್ದಾರೆ. ತಮ್ಮನ ಚಿಂತೆ ಇದಕ್ಕೆ ಪೂರ್ತಿ ವಿರುದ್ಧ: ದ್ವೀಪವೆಂದರೆ ಸಮುದ್ರ, ಸಮುದ್ರವೆಂದರೆ ಅಲೆ ಎಂದು ನಂಬಿರುವ ಅವನು, ಕಲಂಗೂಟ್‌ನಲ್ಲಿ ನೀರಿಗಿಳಿಯಬೇಕು, ಗ್ರಾಂಡೆ ದ್ವೀಪಕ್ಕೆ ದೋಣಿಯಲ್ಲಿ ಹೋಗಬೇಕು ಎಂದು ಪಟ್ಟಿ ಮಾಡಿಕೊಂಡು ಕುಳಿತಿದ್ದಾನೆ. ಕೋಣೆ ಕೊಟ್ಟವರು ಹಣ ಹಿಂತಿರುಗಿಸುವುದಿಲ್ಲ, ಆದರೆ ಸೆಪ್ಟೆಂಬರ್ ಕೊನೆಯೊಳಗೆ ಬೇರೆ ದಿನಕ್ಕೆ ಬದಲಾಯಿಸಿಕೊಳ್ಳಬಹುದು ಎಂದಿದ್ದಾರೆ. ಆದರೆ ಹೊಸದಾಗಿ ಕೆಲಸಕ್ಕೆ ಸೇರಿದವನಿಗೆ ಸೆಪ್ಟೆಂಬರ್‌ನಲ್ಲಿ ರಜೆ ಕೊಡುವವರು ಯಾರು?

ಸೋಮವಾರ ಬೆಳಿಗ್ಗೆ ನಾನು ಕಚೇರಿಯಲ್ಲಿ ಇರಲೇಬೇಕು. ಆದ್ದರಿಂದ ನನ್ನ ಮುಖ್ಯ ಪ್ರಶ್ನೆ ಫೆರಿಯದು: ಜೋರು ಮಳೆಯಲ್ಲಿ ದಿವಾರ್‌ನ ಫೆರಿ ನಿಲ್ಲುತ್ತದೆಯೇ, ನಿಂತರೆ ಎಷ್ಟು ಹೊತ್ತು ನಿಲ್ಲುತ್ತದೆ? ಎರಡನೆಯದು, ಸಮುದ್ರದ ವಿಷಯದಲ್ಲಿ ತಮ್ಮನಿಗೆ ಏನು ಹೇಳಲಿ? ನಾನು ಹೇಳಿದರೆ ಅಕ್ಕನ ಭಯ ಎನ್ನುತ್ತಾನೆ, ಗೋವಾದಲ್ಲೇ ಇರುವವರು ಹೇಳಿದರೆ ಕೇಳಿಯಾನು. ಮೂರನೆಯದು ಸಣ್ಣ ವಿಷಯವಾದರೂ ಬರೆಯುತ್ತೇನೆ. ಮಳೆ ಬಿಡದೆ ಸುರಿದರೆ ಒಂದೇ ಕೋಣೆಯಲ್ಲಿ ನಾವಿಬ್ಬರೂ ಅರ್ಧ ದಿನ ಜಗಳವಿಲ್ಲದೆ ಇರುವವರಲ್ಲ. ಮಳೆಯ ನಡುವೆಯೇ ಆ ದ್ವೀಪದಲ್ಲಿ ನೋಡುವಂಥದ್ದು ಏನಾದರೂ ಇದೆಯೇ?

ಉತ್ತರ: ಪಣಜಿವಾಸಿ

ತಂಗೀ, ನಾವು ಹುಬ್ಬಳ್ಳಿ ಕಡೆಯವರು, ಪಣಜಿಯಲ್ಲಿ ನೆಲೆಸಿ ಬಹಳ ಕಾಲವಾಯಿತು. ನಿಮ್ಮ ಮನೆಯ ಮೂವರೂ ಮೂರು ಬೇರೆ ಬೇರೆ ನೀರಿನ ಬಗ್ಗೆ ಮಾತಾಡುತ್ತಿದ್ದೀರಿ ಎಂದು ನನಗೆ ಅನಿಸುತ್ತದೆ. ಮೊದಲು ಅದನ್ನು ಬಿಡಿಸಿಕೊಂಡರೆ ನಿರ್ಧಾರ ಸುಲಭವಾಗುತ್ತದೆ.

ದಿವಾರ್ ಸಮುದ್ರದ ದ್ವೀಪವಲ್ಲ. ಅದು ಹಳೆಯ ಗೋವಾದ ಎದುರಿಗೆ ಮಾಂಡೋವಿ ನದಿಯ ನಡುವೆ ಇದೆ. ಅಲ್ಲಿಂದ ಸಮುದ್ರ ಕಾಣಬೇಕಾದರೆ ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ಪಶ್ಚಿಮಕ್ಕೆ ಬಂದು ಮಿರಾಮಾರ್ ದಾಟಬೇಕು. ಈ ನದಿಯ ಬಾಯಿಯಲ್ಲಿ, ಆಗ್ವಾದ ಕೋಟೆಯ ಬಳಿ, ನೈಋತ್ಯ ಮಾರುತದ ತಿಂಗಳುಗಳಲ್ಲಿ ಮರಳಿನ ದಿಬ್ಬ ಅಡ್ಡಬಿದ್ದು ನೌಕೆಗಳಿಗೆ ಹಾದಿ ಮುಚ್ಚಿಹೋಗುತ್ತದೆ. ಅದಿರು ಸಾಗಿಸುವ ಬಾರ್ಜ್‌ಗಳು ಕೂಡ ಆ ಕಾಲದಲ್ಲಿ ಸಮುದ್ರದ ಬಾಯಿಗೆ ಹೋಗದೆ, ಕುಂಬಾರ್ಜುವೆ ಕಾಲುವೆಯಲ್ಲಿ ನುಸುಳಿ ಜುವಾರಿ ನದಿಗೆ ಇಳಿದು ಮುರಗಾಂವ್ ಬಂದರು ಸೇರುತ್ತಿದ್ದವು. ಅಷ್ಟು ಭಾರದ ಕಬ್ಬಿಣದ ನೌಕೆಯೇ ಬೇಡವೆಂದು ಬಿಟ್ಟ ನೀರಿನಲ್ಲಿ ನಿಮ್ಮ ತಮ್ಮ ಈಜುವ ಯೋಚನೆ ಮಾಡುತ್ತಿದ್ದಾನೆ ಎಂದು ಅವನಿಗೆ ಓದಿ ಹೇಳಿ. ಗ್ರಾಂಡೆ ದ್ವೀಪಕ್ಕೆ ಪ್ರವಾಸಿ ದೋಣಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವುದೇ ಇಲ್ಲ. ಯಾರಾದರೂ ಕಡಿಮೆ ದುಡ್ಡಿಗೆ ಕರೆದುಕೊಂಡು ಹೋಗುತ್ತೇನೆ ಎಂದರೆ ಅದು ಕದ್ದು ಬಿಡುವ ದೋಣಿ ಎಂದು ತಿಳಿಯಿರಿ. ಯಂತ್ರದ ದೋಣಿಗಳ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ, ಏನಾದರೂ ಆದರೆ ಹತ್ತಿರದಲ್ಲಿ ನೆರವಿಗೆ ಬರಲು ಇನ್ನೊಂದು ದೋಣಿಯೂ ಇರುವುದಿಲ್ಲ.

ಕಲಂಗೂಟ್ ದಡದಲ್ಲಿ ಕೆಂಪು ಬಾವುಟ ಹಾರುತ್ತಿರುತ್ತದೆ. ಮೊಣಕಾಲು ನೀರಿನಲ್ಲಿ ನಿಂತವನನ್ನು ಕೂಡ ಹಿಂದಕ್ಕೆ ಸರಿಯುವ ಸೆಳೆತ ಕಾಲಡಿಯ ಮರಳು ತೆಗೆದು ಬೀಳಿಸುತ್ತದೆ. ಒಳನಾಡಿನ ನಮ್ಮ ಹುಡುಗರು ಕೆರೆಯಲ್ಲೂ ಕಾಲುವೆಯಲ್ಲೂ ಚೆನ್ನಾಗಿ ಈಜುವವರೇ ಆಗಿರುತ್ತಾರೆ, ಅದೇ ಧೈರ್ಯ ಇಲ್ಲಿ ಅವರಿಗೆ ಮುಳುವಾಗುತ್ತದೆ. ಅಲೆ ನೋಡಲೇಬೇಕೆಂದರೆ ಆಗ್ವಾದ ಕೋಟೆಯ ಮೇಲೆ, ಗೋಡೆಯ ಒಳಗೆ ನಿಂತು ನೋಡಲಿ. ಬಂಡೆಗಳ ಮೇಲೆ ಇಳಿದು ಫೋಟೋ ತೆಗೆಯುವುದು ಬೇಡವೇ ಬೇಡ.

ಈಗ ಫೆರಿ. ಹಳೆಯ ಗೋವಾದಿಂದ ಒಂದು, ರಿಬಂದರ್‌ನಿಂದ ಒಂದು, ಆಚೆ ಡಿಚೋಲಿ ಕಡೆಯ ನಾರ್ವೆಯಿಂದ ಒಂದು, ಹೀಗೆ ಮೂರು ದಿಕ್ಕಿನಿಂದ ದಿವಾರ್‌ಗೆ ಸರಕಾರದ ಫೆರಿಗಳಿವೆ. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ, ದಾಟುವುದಕ್ಕೆ ಬೇಕಾಗುವುದು ಕೆಲವೇ ನಿಮಿಷ. ದ್ವೀಪದ ಮಕ್ಕಳು ಕಾಲೇಜಿಗೂ, ದೊಡ್ಡವರು ಕಚೇರಿಗೂ ಇದೇ ಫೆರಿ ಹಿಡಿದು ಬರುವುದರಿಂದ ಬರೀ ಮಳೆಗೆ ಅದು ನಿಲ್ಲುವುದಿಲ್ಲ. ನಿಲ್ಲಿಸುವುದು ಎರಡು ಸಂದರ್ಭಗಳಲ್ಲಿ: ಗಾಳಿ ಜೋರಾಗಿ ನದಿಯ ಸೆಳೆತವೂ ಸೇರಿಕೊಂಡು ಫೆರಿಯನ್ನು ದಕ್ಕೆಗೆ ನೇರವಾಗಿ ಹಚ್ಚಲು ಆಗದಿದ್ದಾಗ, ಇಲ್ಲವೇ ಪ್ರವಾಹದ ನೀರೂ ಸಮುದ್ರದ ಭರತಿಯೂ ಒಟ್ಟಿಗೆ ಬಂದು ದಕ್ಕೆಯ ಇಳಿಜಾರೇ ಮುಳುಗಿದಾಗ. ಗಾಳಿಯದಾದರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ಭರತಿಯದಾದರೆ ನೀರು ಇಳಿಯುವವರೆಗೆ, ಅಂದರೆ ಕೆಲವು ಗಂಟೆ ಕಾಯಬೇಕು.

ಇದರಲ್ಲಿ ಧಾರವಾಡದವರಿಗೆ ಬೇಗ ಅರ್ಥವಾಗುವ ಒಂದು ಸಂಗತಿಯಿದೆ. ಈ ಮಾಂಡೋವಿಯೇ ನಮ್ಮ ಕಡೆಯವರು ಕಳಸಾ ಬಂಡೂರಿ ಎಂದು ಬೀದಿಗಿಳಿದು ಹೋರಾಡಿದ ಮಹದಾಯಿ. ಅದು ಹುಟ್ಟುವುದು ಖಾನಾಪುರ ತಾಲೂಕಿನ ಕಾಡಿನಲ್ಲಿ. ಆದ್ದರಿಂದ ಪಣಜಿಯ ಮುನ್ಸೂಚನೆಯನ್ನಷ್ಟೇ ನೋಡಬೇಡಿ, ಖಾನಾಪುರ, ಕಣಕುಂಬಿ, ಸತ್ತರಿ ಭಾಗಗಳಲ್ಲಿ ಮಳೆ ಹೇಗಿದೆ ಎಂಬುದನ್ನೂ ನೋಡಿ. ಅಂಜುಣೆ ಅಣೆಕಟ್ಟಿನಿಂದ ನೀರು ಬಿಡುವ ಸೂಚನೆ ಬಂದರೆ ಮೊದಲು ತೊಂದರೆಯಾಗುವುದು ಸಾಂಖಳಿ, ಡಿಚೋಲಿ ಕಡೆಗೆ. ಆ ದಿನ ನಾರ್ವೆಯ ದಾರಿ ಹಿಡಿಯಬೇಡಿ. ಪಣಜಿಯಲ್ಲಿ ಬಿಸಿಲು ಬಿದ್ದಿರುವಾಗಲೇ ನದಿ ಕೆಂಪಾಗಿ ಮರದ ದಿಮ್ಮಿ ಹೊತ್ತು ಬರುವುದನ್ನು ಇಲ್ಲಿಯವರು ಎಷ್ಟೋ ಸಲ ಕಂಡಿದ್ದಾರೆ.

ಆರೆಂಜ್ ಎಂಬ ಬಣ್ಣಕ್ಕೆ ಅಮ್ಮನವರು ಹೆದರಿದ್ದು ಸಹಜ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರೀ ಮಳೆ, 115.6ರಿಂದ 204.4ರವರೆಗೆ ಅತಿ ಭಾರೀ ಮಳೆ. ಸಾಮಾನ್ಯವಾಗಿ ಈ ಎರಡನೆಯದಕ್ಕೆ ಆರೆಂಜ್ ಕೊಡುತ್ತಾರೆ, ಅದಕ್ಕೂ ಮೀರಿದರೆ ರೆಡ್. ಆದರೆ ಈ ಅಳತೆ ಒಂದಿಡೀ ದಿನದ ಮೊತ್ತ, ಎಚ್ಚರಿಕೆ ಇಡೀ ಜಿಲ್ಲೆಗೆ ಸೇರಿದ್ದು. ಇಲ್ಲಿನ ಮಳೆ ಧಾರವಾಡದ ಜಿಟಿಜಿಟಿ ಮಳೆಯಂತಲ್ಲ, ಒಂದು ಗಂಟೆ ಧೋ ಎಂದು ಸುರಿದು ಎರಡು ಗಂಟೆ ಬಿಡುವುದು ಇದರ ಸ್ವಭಾವ. ನನ್ನ ಅಭಿಪ್ರಾಯದಲ್ಲಿ ಆರೆಂಜ್ ಇದ್ದರೆ ಹೋಗಬಹುದು. ಹೊರಡುವ ಹಿಂದಿನ ಸಂಜೆ ಅದು ರೆಡ್ ಆಗಿದ್ದರೆ ಹೋಗಬಾರದು.

ಉತ್ತರ: ಮಾಟುಂಗಾ ಕನ್ನಡಿಗ

ಮುಂಬೈ ಕಡೆಯಿಂದ ಒಂದು ಮಾತು. ದಿವಾರ್ ಬೇಡವೆಂದು ಬಿಟ್ಟು, ಪುಣೆಗೆ ಹತ್ತಿರವೆಂಬ ಕಾರಣಕ್ಕೆ ಕೊಂಕಣದ ಬೇರೆ ದ್ವೀಪ ಹುಡುಕಲು ಹೊರಟರೆ ಇನ್ನೂ ಕಷ್ಟಕ್ಕೆ ಸಿಲುಕುತ್ತೀರಿ. ಮುರುಡ್‌ನ ಜಂಜಿರಾ ಕೋಟೆಗೆ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಮುಂಬೈನ ಗೇಟ್‌ವೇ ಆಫ್ ಇಂಡಿಯಾದಿಂದ ಮಾಂಡವಾಕ್ಕೆ ಹೋಗುವ ಸಣ್ಣ ಲಾಂಚ್‌ಗಳೂ ಆ ತಿಂಗಳುಗಳಲ್ಲಿ ನಿಂತಿರುತ್ತವೆ. ಭಾವುಚಾ ಧಕ್ಕಾದಿಂದ ಹೊರಡುವ, ವಾಹನಗಳನ್ನೂ ಹೊರುವ ರೋ-ರೋ ಹಡಗು ಮಾತ್ರ ಹವಾಮಾನ ನೋಡಿಕೊಂಡು ಓಡುತ್ತದೆ, ಅದು ಕೂಡ ನಿಮ್ಮನ್ನು ತಲುಪಿಸುವುದು ಅಲಿಬಾಗ್ ಕಡೆಯ ದಡಕ್ಕೇ ಹೊರತು ದ್ವೀಪಕ್ಕಲ್ಲ.

ಉಳಿಯುವುದು ಘಾರಾಪುರಿ, ಎಂದರೆ ಎಲಿಫಂಟಾ. ಕನ್ನಡಿಗರಾದ ನಮಗೆ ಅದರ ಮೇಲೆ ವಿಶೇಷ ಅಕ್ಕರೆ ಇರಬೇಕಾದ ಕಾರಣವಿದೆ: ಇಮ್ಮಡಿ ಪುಲಕೇಶಿ ನೂರಾರು ನಾವೆಗಳಿಂದ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದನೆಂದು ಕ್ರಿ.ಶ. 634ರ ಐಹೊಳೆ ಶಾಸನ ಹೇಳುತ್ತದೆ, ಆ ಪುರಿ ಈ ಘಾರಾಪುರಿಯೇ ಎನ್ನುವ ವಿದ್ವಾಂಸರಿದ್ದಾರೆ. ಆದರೂ ಜುಲೈಯಲ್ಲಿ ಅಲ್ಲಿಗೆ ಹೋಗಿ ಎಂದು ನಾನು ಹೇಳುವುದಿಲ್ಲ. ಗೇಟ್‌ವೇಯಿಂದ ಮರದ ಲಾಂಚ್‌ನಲ್ಲಿ ಸುಮಾರು ಒಂದು ಗಂಟೆ ತೆರೆದ ಬಂದರಿನ ನೀರಿನಲ್ಲಿ ಹೋಗಬೇಕು, ಸೋಮವಾರ ಗುಹೆಗಳು ಮುಚ್ಚಿರುತ್ತವೆ, ಪ್ರವಾಸಿಗರು ರಾತ್ರಿ ಅಲ್ಲಿ ಉಳಿಯುವಂತಿಲ್ಲ, ಗಾಳಿ ಎದ್ದರೆ ದೋಣಿಗಳನ್ನು ಬೆಳಿಗ್ಗೆಯೇ ನಿಲ್ಲಿಸುತ್ತಾರೆ. 2024ರ ಡಿಸೆಂಬರ್ 18ರಂದು ನೌಕಾಪಡೆಯ ದೋಣಿಯೊಂದು ಡಿಕ್ಕಿ ಹೊಡೆದು ಘಾರಾಪುರಿಗೆ ಹೊರಟಿದ್ದ ಪ್ರಯಾಣಿಕರ ದೋಣಿ ಮುಳುಗಿದ್ದನ್ನು ಯಾರೂ ಮರೆತಿಲ್ಲ. ಅದು ಮಳೆಗಾಲವೂ ಆಗಿರಲಿಲ್ಲ. ಕೆಲವೇ ನಿಮಿಷದಲ್ಲಿ ದಾಟುವ ನದಿಯ ಫೆರಿಯನ್ನು ಇದಕ್ಕೆ ಹೋಲಿಸಿದರೆ ನಿಮ್ಮ ಆಯ್ಕೆಯೇ ಸರಿಯಾಗಿದೆ.

ಉತ್ತರ: ವಾಸ್ಕೋ ತಾಯಿ

ಎಲ್ಲರೂ ಹೋಗಿ ಎನ್ನುತ್ತಿರುವಾಗ ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಹಗಲು ಹೊತ್ತು ದಿವಾರ್ ನೋಡುವುದಕ್ಕೆ ನನ್ನ ತಕರಾರಿಲ್ಲ, ರಾತ್ರಿ ಅಲ್ಲಿ ಮಲಗುವುದಕ್ಕಿದೆ. ಫೆರಿ ಬಿಟ್ಟರೆ ಅಲ್ಲಿಂದ ಬರಲು ಸೇತುವೆಯಿಲ್ಲ. ಮಳೆಗಾಲದ ರಾತ್ರಿ ಯಾರಿಗಾದರೂ ಜ್ವರ ಏರಿತು, ಕಾಲು ಜಾರಿ ಮೂಳೆ ಮುರಿಯಿತು ಎಂದರೆ ಬಾಂಬೊಳಿಯ ವೈದ್ಯಕೀಯ ಕಾಲೇಜಿಗೆ ತಲುಪುವುದು ಹೇಗೆ? ಮರದ ಕೊಂಬೆ ಬಿದ್ದು ವಿದ್ಯುತ್ ಹೋದರೆ ಫೋನೂ ಸತ್ತಂತೆಯೇ. ಪಣಜಿಯ ಫೊಂತೈನ್ಯಾಸ್‌ನಲ್ಲೋ ರಿಬಂದರ್‌ನಲ್ಲೋ ಕೋಣೆ ಮಾಡಿ, ಬೆಳಿಗ್ಗೆ ದಾಟಿ, ಬೆಳಕಿರುವಾಗಲೇ ಮರಳಿ ಬನ್ನಿ. ನಿಮ್ಮ ತಾಯಿಯವರಿಗೂ ನಿದ್ದೆ ಬರುತ್ತದೆ. ಕೊಟ್ಟ ಮುಂಗಡದ ಹಣ ಎಷ್ಟೇ ಇರಲಿ, ಅದಕ್ಕಾಗಿ ನಿರ್ಧಾರ ಮಾಡುವುದು ಬೇಡ.

ಉತ್ತರ: ಪಣಜಿವಾಸಿ

ವಾಸ್ಕೋ ತಾಯಿಯವರ ಮಾತಿನಲ್ಲಿ ತೂಕವಿದೆ, ಆದರೆ ಎರಡೂ ರಾತ್ರಿಗಳನ್ನು ಬಿಡಬೇಕಾಗಿಲ್ಲ ಎಂದು ನನ್ನ ಎಣಿಕೆ. ದ್ವೀಪದಲ್ಲಿ ಮಳೆ ಬೀಳುವ ರಾತ್ರಿಯೇ ಈ ಪ್ರವಾಸದ ತಿರುಳು. ಹಗಲು ಮಾತ್ರ ಹೋಗಿ ಬರುವುದಾದರೆ ಕೈಯಲ್ಲಿ ಗಡಿಯಾರ ಹಿಡಿದೇ ತಿರುಗಬೇಕಾಗುತ್ತದೆ. ಹೀಗೆ ಮಾಡಿ: ಶುಕ್ರವಾರ ರಾತ್ರಿ ದಿವಾರ್‌ನಲ್ಲಿ ಉಳಿದು, ಶನಿವಾರ ಸಂಜೆ ಬೆಳಕಿರುವಾಗ ಈಚೆ ದಡಕ್ಕೆ ಬಂದುಬಿಡಿ. ಗೋವಾ ಎಕ್ಸ್‌ಪ್ರೆಸ್ ಮಧ್ಯಾಹ್ನ ವಾಸ್ಕೋ ಬಿಟ್ಟು ಮರುದಿನ ಬೆಳಗಿನ ಜಾವ ಪುಣೆ ತಲುಪುವುದರಿಂದ, ಭಾನುವಾರ ಬೆಳಿಗ್ಗೆ ಫೆರಿ ಸಿಗುತ್ತದೋ ಇಲ್ಲವೋ ಎಂಬ ಆತಂಕವೇ ಇರಬಾರದು. ಶುಕ್ರವಾರ ಸಿಕ್ಕಿಹಾಕಿಕೊಂಡರೆ ಶನಿವಾರವೆಂಬ ಒಂದು ದಿನ ಕೈಯಲ್ಲಿ ಉಳಿದಿರುತ್ತದೆ, ಶನಿವಾರ ಸಿಕ್ಕಿಹಾಕಿಕೊಂಡರೆ ಉಳಿದಿರುವುದಿಲ್ಲ. ರೈಲಿನ ದಾರಿಯನ್ನೂ ಮರೆಯಬೇಡಿ: ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಟ್ಟದಲ್ಲಿ ಮಣ್ಣು ಕುಸಿದರೆ ನಿಮ್ಮ ರೈಲೂ ತಮ್ಮನ ರೈಲೂ ಒಟ್ಟಿಗೆ ನಿಲ್ಲುತ್ತವೆ. ತಮ್ಮನಿಗೆ ಅನುಕೂಲವಾದ ಅಮರಾವತಿ ಎಕ್ಸ್‌ಪ್ರೆಸ್ ವಾರದ ಎಲ್ಲ ದಿನವೂ ಇಲ್ಲ; ದಿನ ಹೊಂದದಿದ್ದರೆ ಬಸ್ಸಿನಲ್ಲಿ ಬರಲಿ, ಆದರೆ ಚೋರ್ಲಾ ಘಾಟಿಯನ್ನು ಹಗಲಿನಲ್ಲೇ ಇಳಿಯುವಂತೆ ನೋಡಿಕೊಳ್ಳಲಿ.

ಕೊಥ್ರೂಡಿನ ಅಕ್ಕ

ಹಿರಿಯರಿಗೆಲ್ಲ ಕೃತಜ್ಞತೆಗಳು. ಬಾರ್ಜ್‌ಗಳ ವಿಷಯವನ್ನು ತಮ್ಮನಿಗೆ ಓದಿ ಹೇಳಿದೆ. ಮೊದಲು ನಕ್ಕ, ಆಮೇಲೆ ನಕಾಶೆ ತೆರೆದು ಕುಂಬಾರ್ಜುವೆ ಕಾಲುವೆಯನ್ನು ಹುಡುಕಿ ಅದರಲ್ಲಿ ಮೊಸಳೆಗಳಿವೆಯಂತೆ ಎಂದು ಸಂದೇಶ ಕಳಿಸಿದ. ಗ್ರಾಂಡೆ ದ್ವೀಪ ಪಟ್ಟಿಯಿಂದ ಹೋಗಿದೆ. ಒಂದು ರಾತ್ರಿ ದ್ವೀಪ, ಒಂದು ರಾತ್ರಿ ಪಣಜಿ ಎಂಬ ಏರ್ಪಾಡಿಗೆ ಅಮ್ಮ ಒಪ್ಪಿದ್ದಾರೆ, ಹಿಂದಿನ ಸಂಜೆ ರೆಡ್ ಇದ್ದರೆ ಟಿಕೆಟ್ ರದ್ದು ಮಾಡುವುದೆಂದು ನಾವೂ ಮಾತು ಕೊಟ್ಟಿದ್ದೇವೆ. ಕೋಣೆಯವರು ಎರಡನೆಯ ರಾತ್ರಿಯ ಹಣವನ್ನು ಊಟದ ಲೆಕ್ಕಕ್ಕೆ ಹಾಕಿಕೊಳ್ಳುತ್ತಾರಂತೆ.

ಉಳಿದಿರುವುದು ನನ್ನ ಮೂರನೆಯ ಪ್ರಶ್ನೆ. ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಸಂಜೆಯವರೆಗೆ ಮಳೆಯಲ್ಲೇ ಏನು ಮಾಡಬಹುದು? ಅವನು ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳೋಣ ಎನ್ನುತ್ತಾನೆ, ನನಗೆ ನಡೆಯುವುದೇ ಇಷ್ಟ. ನಾನು ಸಸ್ಯಾಹಾರಿ, ಅವನು ಮೀನಿಗಾಗಿಯೇ ಬರುತ್ತಿದ್ದಾನೆ.

ಉತ್ತರ: ಡಿಚೋಲಿಯ ಮಾಸ್ತರು

ದಿವಾರ್ ಎದುರಿನ ದಡದವನಾದ್ದರಿಂದ ಇದಕ್ಕೆ ನಾನೇ ಉತ್ತರಿಸುತ್ತೇನೆ. ಗೋವಾದಲ್ಲಿ ಕನ್ನಡಿಗರು ಮೊದಲು ನೋಡಬೇಕಾದ ನೆಲವೆಂದರೆ ಕಲಂಗೂಟ್ ಅಲ್ಲ, ಈ ದ್ವೀಪ. ಗೋವೆಯ ಕದಂಬರ ಕುಲದೈವವಾದ ಸಪ್ತಕೋಟೀಶ್ವರನ ದೇವಾಲಯವಿದ್ದುದು ಇಲ್ಲಿ. ತಾವು ಸಪ್ತಕೋಟೀಶ್ವರನಿಂದ ವರ ಪಡೆದವರೆಂದು ಆ ಅರಸರು ತಮ್ಮ ನಾಣ್ಯಗಳ ಮೇಲೆ ಬರೆಸಿಕೊಂಡಿದ್ದರು. ಹದಿನಾಲ್ಕನೇ ಶತಮಾನದಲ್ಲಿ ಬಹಮನಿ ಸೇನೆ ಅದನ್ನು ಕೆಡವಿತು, ವಿಜಯನಗರದ ಕಾಲದಲ್ಲಿ ಮತ್ತೆ ಎದ್ದಿತು, ಪೋರ್ಚುಗೀಸರು ಮತ್ತೆ ಕೆಡವಿದಾಗ ಲಿಂಗವನ್ನು ನದಿ ದಾಟಿಸಿ ನಮ್ಮ ಡಿಚೋಲಿ ಕಡೆಯ ನಾರ್ವೆಗೆ ತಂದರು. 1668ರಲ್ಲಿ ಶಿವಾಜಿ ಮಹಾರಾಜರು ಅಲ್ಲಿ ಗುಡಿ ಕಟ್ಟಿಸಿದರು, ಅದರ ಜೀರ್ಣೋದ್ಧಾರ 2023ರಲ್ಲಿ ಮುಗಿದಿದೆ. ದ್ವೀಪದಲ್ಲಿ ಈಗ ಗುಡಿಯಿಲ್ಲ. ಹಳೆಯ ಕೋಟಿತೀರ್ಥದ ಕೊಳ ಮಾತ್ರ ಉಳಿದಿದೆ. ಊರವರನ್ನು ಕೇಳಿದರೆ ದಾರಿ ತೋರಿಸುತ್ತಾರೆ, ಮೆಟ್ಟಿಲುಗಳು ಪಾಚಿಗಟ್ಟಿರುತ್ತವೆ, ಇಳಿಯಬೇಡಿ. ಪಿಯೆದಾದ್ ಗುಡ್ಡದ ಮೇಲಿನ ಚರ್ಚಿನ ಪಕ್ಕದ ಸ್ಮಶಾನದ ಪ್ರಾರ್ಥನಾ ಕೋಣೆಯಲ್ಲಿ ಕದಂಬರ ಕಾಲದ್ದೆನ್ನುವ ಕಲ್ಲಿನ ಕೆತ್ತನೆಯ ಛಾವಣಿ ಇದೆ. ಅಲ್ಲಿಂದ ನದಿಯಾಚೆ ಹಳೆಯ ಗೋವಾದ ಚರ್ಚ್ ಗೋಪುರಗಳು ಮಳೆ ತೆರಪು ಕೊಟ್ಟಾಗ ಒಂದೊಂದಾಗಿ ಕಾಣುತ್ತವೆ. ಹುಡುಗನಿಗೆ ರೀಲ್ಸ್ ಬೇಕಾದರೆ ಅಲ್ಲಿ ಮಾಡಲಿ.

ಸ್ಕೂಟರ್ ಬೇಡ. ದ್ವೀಪದ ರಸ್ತೆಗಳು ಗದ್ದೆಗಳ ನಡುವಿನ ಏರಿಯ ಮೇಲೆ ಹೋಗುತ್ತವೆ, ಎರಡೂ ಬದಿ ನೀರು ನಿಂತಾಗ ರಸ್ತೆಯ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಊರವರಿಗೂ ತಿಳಿಯುವುದಿಲ್ಲ. ನಡೆಯಿರಿ. ಈ ಗದ್ದೆಗಳಿಗೆ ಖಜಾನ್ ಎನ್ನುತ್ತಾರೆ: ಉಪ್ಪುನೀರು ಒಳಗೆ ಬರದಂತೆ ಮಣ್ಣಿನ ಒಡ್ಡು ಹಾಕಿ, ಭರತಿ ಬಂದಾಗ ನೀರಿನ ಒತ್ತಡಕ್ಕೆ ತಾನೇ ಮುಚ್ಚಿಕೊಂಡು ಇಳಿತವಾದಾಗ ತಾನೇ ತೆರೆದುಕೊಳ್ಳುವ ಮರದ ಬಾಗಿಲುಗಳನ್ನು ಅದರಲ್ಲಿ ಕೂಡಿಸಿರುತ್ತಾರೆ. ಮಳೆಯ ನೀರು ಉಪ್ಪನ್ನು ತೊಳೆದ ಮೇಲೆ ಭತ್ತ ನಾಟಿ ಮಾಡುತ್ತಾರೆ. ಎಂಜಿನಿಯರಿಂಗ್ ಓದಿದ ಹುಡುಗನನ್ನು ಅಂಥ ಒಂದು ಬಾಗಿಲಿನ ಮುಂದೆ ನಿಲ್ಲಿಸಿ, ಮೋಟರ್ ಇಲ್ಲದೆ ಇದು ಹೇಗೆ ನಡೆಯುತ್ತದೆ ಹೇಳು ಎಂದು ಕೇಳಿ. ಅರ್ಧ ಗಂಟೆ ನಿಮಗೆ ಜಗಳವಿರುವುದಿಲ್ಲ. ಆದರೆ ಗದ್ದೆಯ ನೀರಿಗೆ ಬರಿಗಾಲಿನಲ್ಲಿ ಇಳಿಯಬಾರದು, ಕಾಲಿನಲ್ಲಿ ಗಾಯವಿದ್ದರಂತೂ ಖಂಡಿತ ಬೇಡ. ಮಳೆಗಾಲದಲ್ಲಿ ಇಲಿಜ್ವರ ಹರಡುವುದು ಇಂಥ ನೀರಿನಿಂದಲೇ. ಹಿಂತಿರುಗಿದ ಮೇಲೆ ಜ್ವರ, ಮೀನಖಂಡದ ನೋವು ಬಂದರೆ ಗದ್ದೆಯಲ್ಲಿ ಓಡಾಡಿದ್ದನ್ನು ವೈದ್ಯರಿಗೆ ಹೇಳಿ.

ಊಟದ ವಿಷಯದಲ್ಲಿ ಈ ಸಲ ಅಕ್ಕನಿಗೇ ಲಾಭ. ನಿಷೇಧದ ಕಾಲದಲ್ಲಿ ಸಮುದ್ರದ ತಾಜಾ ಮೀನು ಕಡಿಮೆ. ತಮ್ಮನಿಗೆ ನದಿಯ ಏಡಿ, ಚಿಪ್ಪು, ಒಣ ಸೀಗಡಿಯ ಕಿಸ್ಮೂರ್ ಸಿಗುತ್ತದೆ, ಇಸವಣ (ಸುರಮೈ) ಮೀನು ಕೇಳಿದರೆ ಮಂಜುಗಡ್ಡೆಯಲ್ಲಿ ಇಟ್ಟದ್ದು ಬರುತ್ತದೆ. ತಾಯ್ಕಿಳೊ ಎಂಬ ಎಳೆಯ ಸೊಪ್ಪಿನ ಪಲ್ಯ, ನಮ್ಮ ಕರಾವಳಿಯವರು ತಗತೆ ಎನ್ನುವುದು, ಈ ತಿಂಗಳುಗಳಲ್ಲೇ ಸಿಗುವಂಥದ್ದು. ಮನೆಯವರಿಗೆ ಹಿಂದಿನ ದಿನವೇ ಹೇಳಿಟ್ಟರೆ ಅರಿಶಿನ ಎಲೆಯಲ್ಲಿ ಬೇಯಿಸುವ ಸಿಹಿ ಕಡುಬು ಪಾತೊಳಿಯನ್ನೂ ಮಾಡಿಕೊಡಬಹುದು. ನಗದು ಹಣ, ಟಾರ್ಚ್, ತುಂಬಿದ ಪವರ್ ಬ್ಯಾಂಕ್, ಒಂದು ಜೊತೆ ಇಸ್ಪೀಟು ಇಟ್ಟುಕೊಳ್ಳಿ.

ಶನಿವಾರ ಬೆಳಿಗ್ಗೆ ನದಿ ಶಾಂತವಾಗಿದ್ದರೆ ಫೆರಿಯಲ್ಲಿ ನಾರ್ವೆಗೆ ದಾಟಿ ಸಪ್ತಕೋಟೀಶ್ವರನ ದರ್ಶನ ಮಾಡಿಕೊಂಡು ಅದೇ ಫೆರಿಯಲ್ಲಿ ದ್ವೀಪಕ್ಕೆ ಮರಳಿ. ಸಾಮಾನು ತೆಗೆದುಕೊಂಡು ಸಂಜೆ ಹಳೆಯ ಗೋವಾ ಕಡೆಗೆ ಇಳಿದರೆ ಪಣಜಿಗೆ ಬಸ್ಸುಗಳು ಮೇಲಿಂದ ಮೇಲೆ ಇವೆ. ನಾರ್ವೆಗೆ ಹೋಗುವ ದಕ್ಕೆಯಲ್ಲಿ ಫೆರಿಯವರು, ಮಧ್ಯಾಹ್ನ ಫೆರಿ ಇರುತ್ತದೋ ಇಲ್ಲವೋ ಹೇಳಲಾಗದು, ದ್ವೀಪ ಬಿಡುವುದಾದರೆ ಸಾಮಾನಿನ ಜೊತೆ ಈಗಲೇ ಬಿಡಿ ಎಂದರೆ ವಾದ ಮಾಡದೆ ದರ್ಶನ ಬಿಟ್ಟು ಹಳೆಯ ಗೋವಾ ಕಡೆ ಹೊರಡಿ.